ಹನ್ನೊಂದರಿಂದ ಭಾಗಿಸಿದಾಗ

ಕೆಲವರಿಗೆ ಸೀರೆಯ ಅಂಚು ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ನನಗೆ ದೊಡ್ಡ ಸಂಖ್ಯೆ ಕಂಡರೆ. ಲಾರಿಯ ನಂಬರ್ ಇರಲಿ, ಗ್ಯಾಸ್ ಸಿಲಿಂಡರಿನ ನಂಬರ್ ಇರಲಿ, ಮೂರರಿಂದ ಭಾಗ ಹೋಗುತ್ತದೆಯೇ ಎಂದು ನೋಡದಿದ್ದರೆ ಸಮಾಧಾನವಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಹತ್ತಿದ ಚಟ ಇದು. ಸಿಸ್ಟರ್ ನಮಗೆ ಪ್ರೈಮ್ ಫ್ಯಾಕ್ಟರ್ಸ್ ಕಲಿಸುತ್ತಿದ್ದ ಕ್ಲಾಸಿನ ಕಿಟಕಿಯಾಚೆ ಒಂದು ಸಿಲ್ವರ್ ಓಕ್ ಮರವಿತ್ತು. ಈಗಲೂ ಭಾಗಾಕಾರ ಸರಿಹೋದಾಗ ಅದರ ಎಲೆಗಳ ಸದ್ದು ಕೇಳಿದಂತಾಗುತ್ತದೆ. ಅಲ್ಲಿ ಕಲಿತ ಮಿಕ್ಕದ್ದು, ಎಂಬ್ರಾಯ್ಡರಿ, ಟೇಬಲ್ ಮ್ಯಾನರ್ಸ್, ಬೈಲಹೊಂಗಲಕ್ಕೆ ಸೊಸೆಯಾಗಿ ಬಂದ ಮೇಲೆ ಯಾರೂ ಕೇಳಲಿಲ್ಲ.

ಈ ಸಲ ಕಾರ್ತಿಕಕ್ಕೆ ಮಠದಲ್ಲಿ ಲಕ್ಷ ದೀಪ. ಬತ್ತಿ ಹೊಸೆಯುವ ಕೆಲಸ ನನ್ನನ್ನೂ ಸೇರಿಸಿ ನಮ್ಮ ಓಣಿಯ ಹನ್ನೊಂದು ಹೆಂಗಸರದು. ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸುಮ್ಮನೆ ಹತ್ತಿ ಬಿಡಿಸುತ್ತ ಕೂತಿದ್ದರು. ನಾನೇ ಬಾಯಿ ಹಾಕಿದೆ. ಲಕ್ಷವನ್ನು ಹನ್ನೊಂದರಿಂದ ಭಾಗಿಸಿದರೆ ಹತ್ತು ಉಳಿಯುತ್ತದೆ, ಅದರ ಬದಲು ಒಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು ಮಾಡೋಣ ಎಂದೆ. ಬರೆದರೆ ಆರು ಒಂದುಗಳು ದೀಪ ಸಾಲಿಟ್ಟ ಹಾಗೆ ಕಾಣುತ್ತವೆ. ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲದರಿಂದಲೂ ಭಾಗ ಹೋಗುತ್ತದೆ. ತಲೆಗೆ ಹತ್ತು ಸಾವಿರದ ನೂರಾ ಒಂದು, ಅದರ ಅಂಕಿಗಳನ್ನು ಹಿಂದಿನಿಂದ ಓದಿದರೂ ಅಷ್ಟೇ ಎಂದು ಲೆಕ್ಚರ್ ಕೊಟ್ಟೆ.

"ಅಂದ್ರ ತಲಿಗೆ ಸಾವಿರ ಬತ್ತಿ ಜಾಸ್ತಿ ಅನ್ರಿ," ಎಂದಳು ಎದುರುಮನೆಯ ಪಾರ್ವತಿ. ಅವಳಿಗೆ ಬ್ಯೂಟಿ ಎಂಬುದು ಕಾಣುವುದೇ ಇಲ್ಲ.

ಮಾರನೆಯ ದಿನ ಸವದತ್ತಿಯಿಂದ ನಮ್ಮ ವೈನಿ, ಅಣ್ಣನ ಹೆಂಡತಿ ಗಂಗಕ್ಕ ಬಂದರು. ನನ್ನ ಅಣ್ಣ ತೀರಿಕೊಂಡ ಮೇಲೆ ಅವರು ಮನೆ ಬಿಟ್ಟು ಹೊರಬಿದ್ದದ್ದು ಇದೇ ಮೊದಲು. ಹತ್ತಿ ಕಂಡವರೇ ನಾನೂ ಹೊಸೆಯುತ್ತೇನೆ, ನಾಲ್ಕು ಜನರ ನಡುವೆ ಹೊತ್ತು ಹೋಗುತ್ತದೆ ಎಂದರು. ನನ್ನ ಎದೆ ಧಸಕ್ಕೆಂದಿತು. ದುಃಖಕ್ಕಲ್ಲ, ಹನ್ನೆರಡಕ್ಕೆ. ಹನ್ನೆರಡರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಆ ಮೂರು ಬತ್ತಿ ತಾನೇ ಹೊಸೆಯುತ್ತೇನೆ ಎಂದು ಪಾರ್ವತಿ ಹೇಳಿದಳು. ಹಾಗೆ ಮಾಡಿದರೆ ಸಮಪಾಲು ಎಲ್ಲಿ ಉಳಿಯಿತು, ಬೇಡ, ವೈನಿ ಆರಾಮಾಗಿ ಕೂತಿರಲಿ ಎಂದುಬಿಟ್ಟೆ.

ಗಂಗಕ್ಕ ಕೈಯಲ್ಲಿನ ಹತ್ತಿ ಕೆಳಗಿಡಲಿಲ್ಲ.

"ಹಂಗಾದ್ರ ಸುಶೀಲಾ, ನೀ ಏಳು, ನಾ ಕುಂದರತೇನಿ. ನಿನ್ನ ಹನ್ನೊಂದು ಹಂಗ ಉಳೀತೈತಿ."

ಲೆಕ್ಕದಲ್ಲಿ ತಪ್ಪು ಹುಡುಕಿದೆ. ಇರಲಿಲ್ಲ. ಯಾರಾದರೂ ನನ್ನ ಕೈಹಿಡಿದು ಕೂರಿಸಿಕೊಳ್ಳಬಹುದೆಂದು ಸುತ್ತ ನೋಡಿದೆ. ಪಾರ್ವತಿ ಸರಿದು ಗಂಗಕ್ಕನಿಗೆ ಜಾಗ ಮಾಡಿಕೊಡುತ್ತಿದ್ದಳು. ಸಂಜೆಗೆ ತಿಳಿಯಿತು: ನಾನು ಹೊಸೆದ ಬತ್ತಿ ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತಿತ್ತಂತೆ, ನನ್ನ ಬೆನ್ನ ಹಿಂದೆ ಅವನ್ನೆಲ್ಲ ಪಾರ್ವತಿಯೇ ಮತ್ತೆ ಹೊಸೆಯುತ್ತಿದ್ದಳಂತೆ.

ಈಗ ಚಹಾ ನನ್ನ ಡ್ಯೂಟಿ. ಮೊದಲ ದಿನ ಹನ್ನೊಂದು ಕಪ್ಪಿಗೂ ಒಂದು ಹನಿ ಹೆಚ್ಚುಕಡಿಮೆಯಾಗದಂತೆ ಬಗ್ಗಿಸಿಕೊಟ್ಟೆ. ಪಾರ್ವತಿ ಏನೋ ಅಂದದ್ದಕ್ಕೆ ಗಂಗಕ್ಕ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ವಿಷಯ ನಾನೇ ಇರಬೇಕು. ಒಳಗೆ ಬಂದು ನನಗೊಂದು ಗುಟುಕು ಇದ್ದೀತೇ ಎಂದು ಕೆಟಲ್ ಅಲುಗಾಡಿಸಿದೆ. ಶೇಷ ಸೊನ್ನೆ.