ಗಡ್ಡ ಬಿಟ್ಟ ಫಲ

ದೇವರು ಗಂಡಸಿಗೆ ಗಡ್ಡವನ್ನೇಕೆ ಕೊಟ್ಟ ಎಂದು ನಾನು ಯೋಚಿಸಿದ್ದು ಕಡಿಮೆಯೇನಲ್ಲ. ಯೋಚಿಸಿದ್ದೆಲ್ಲ ಕನ್ನಡಿಯ ಮುಂದೆ, ಗದ್ದದ ರಕ್ತ ಒರೆಸಿಕೊಳ್ಳುತ್ತ. ಬೋಳಿಸಿದ ಮೇಲೆ ಬೇರೆಯವರ ಕೂದಲು ಹೊರಗೆ ಬೆಳೆಯುತ್ತದೆ. ನನ್ನದು ಬಾಗಿ ಮತ್ತೆ ಚರ್ಮದೊಳಗೇ ಹೊಗುತ್ತದೆ. ಆಮೇಲೆ ಕೆನ್ನೆ ತುಂಬ ಗುಳ್ಳೆ, ಕೀವು, ಉರಿ. ಚಿತ್ತಾಪುರದ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಆ ದಿನಗಳಲ್ಲಿ ಹಜಾಮನನ್ನು ಬೈದೆ, ಕತ್ತಿ ಬದಲಿಸಿದೆ, ಅರಿಸಿನ ಮೆತ್ತಿಕೊಂಡು ಕಚೇರಿಗೆ ಹೋಗಿ ಮದುಮಗನೆನಿಸಿಕೊಂಡೆ. ಕೊನೆಗೆ ಹಕೀಮರು, ಕತ್ತಿಯನ್ನೇ ಮುಟ್ಟಿಸಬೇಡಿ, ಕೆಲವು ದಿನ ಗಡ್ಡ ಬಿಡಿ ಎಂದರು. ಬಿಟ್ಟೆ. ಗುಳ್ಳೆಗಳು ಒಣಗತೊಡಗಿದವು.

ಪಾಪ, ಹಕೀಮರಿಗೆ ನಮ್ಮವರ ಪದ್ಧತಿ ಗೊತ್ತಿರಲಿಲ್ಲ. ನಮ್ಮಲ್ಲಿ ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸುವುದಿಲ್ಲ. ಉರಿಯ ಭರದಲ್ಲಿ ನನಗದು ನೆನಪಾಗಲಿಲ್ಲ, ಓಣಿಗೆ ನೆನಪಾಯಿತು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲವೆಂದು ನನ್ನ ಹೆಂಡತಿ ಪದ್ಮಾಳನ್ನು ತೊಟ್ಟಿಲ ಕಾರ್ಯಕ್ಕೆ ಕರೆಯದೆ ಇದ್ದ ಹೆಂಗಸರು, ಉಪ್ಪಿನಕಾಯಿ, ಹುಣಸೆ ತೊಕ್ಕು ಹಿಡಿದು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾಳೆಯೇ ಬೋಳಿಸಿಬಿಡುತ್ತೇನೆ ಎಂದೆ.

“ಇನ್ನಷ್ಟು ದಿನ ಇರ್ಲಿ ಬಿಡ್ರಿ,” ಎಂದಳು, ಒಲೆಯತ್ತಲೇ ನೋಡುತ್ತ. “ಎದುರುಮನಿಯವರು ನಿನ್ನೆ ತಮ್ಮ ಕೂಸಿನ್ನ ನನ್ನ ಕೈಯಾಗ ಕೊಟ್ರು.”

ಬೋಳಿಸಿದರೆ ಆ ಕೂಸನ್ನು ನಾನೇ ಅವಳ ಕೈಯಿಂದ ಕಿತ್ತುಕೊಂಡಂತೆ. ಬಿಟ್ಟರೆ ಎಷ್ಟು ದಿನ ಅಂತ ಬಿಡುವುದು? ಗಡ್ಡಕ್ಕೆ ಒಂಬತ್ತು ತಿಂಗಳು ತುಂಬುವುದೇನೋ ಸುಲಭ, ಆದರೆ ಅದು ಹಡೆಯುವುದಿಲ್ಲವಲ್ಲ. ಹೀಗೆ ತೂಗಾಡುತ್ತಿರುವಾಗಲೇ ಸುದ್ದಿ ಅವಳ ತವರು ಸೇಡಂ ಮುಟ್ಟಿತು. ಪದ್ಮಾಳ ಅಜ್ಜಿ ಬಸುರಿಗೆಂದು ಕಟ್ಟಿದ ಉಂಡಿಯ ಡಬ್ಬಿ ಹಿಡಿದು ರೈಲು ಇಳಿದೇ ಬಿಟ್ಟರು. ಬಂದವರೇ ಮೊಮ್ಮಗಳನ್ನು ಒಳಗೆ ಕರೆದೊಯ್ದು ಎಷ್ಟು ತಿಂಗಳು ಎಂದು ಕೇಳಿದರು.

“ಗಡ್ಡಕ್ಕ ಎರಡು ತಿಂಗಳಾಗ್ಯಾವ ಅಜ್ಜಿ. ನನಗ ಇನ್ನೂ ಏನೂ ಇಲ್ಲ.”

ಇಷ್ಟು ಹೇಳಿ ಅವಳು ಅತ್ತದ್ದು ಪಡಸಾಲೆಯಲ್ಲಿದ್ದ ನನಗೂ ಕೇಳಿಸಿತು. ಅಜ್ಜಿ ಹೊರಗೆ ಬಂದಾಗ ನಾನು ಎದ್ದು ನಿಂತು, ತಪ್ಪು ನನ್ನದು, ಇವತ್ತೇ ಹಜಾಮನನ್ನು ಕರೆಸುತ್ತೇನೆ ಎಂದು ತೊದಲಿದೆ. ಅವರು ಕುಳಿತುಕೊಂಡು, ಸೀರೆ ಆರಿಸುವವರ ಹಾಗೆ ನನ್ನ ಗಡ್ಡವನ್ನು ಸಾವಕಾಶ ನೋಡಿದರು.

“ಬೋಳಿಸಬ್ಯಾಡ್ರಿ ಅಳಿಯಂದಿರ. ಓಣಿ ಮಂದಿ ಏನರೆ ಅನ್ಕೊಳ್ಳಿ, ಹುಡುಗಿ ನಕ್ಕೋತ ಇರ್ಲಿ. ಆದ್ರ ನೀವು ಬರೇ ಗಡ್ಡ ಬೆಳಸ್ಕೋತ ಕುಂದರಬ್ಯಾಡ್ರಿ.”

ಒಳಗೆ ಪದ್ಮಾ ಕಿಸಕ್ಕನೆ ನಕ್ಕಳು. ತಹಸೀಲ್ದಾರರ ಗದರಿಕೆಗೂ ಜಗ್ಗದ ನಾನು, ಗಡ್ಡ ಕೆರೆದುಕೊಳ್ಳುತ್ತ ಉಂಡಿಯ ಡಬ್ಬಿ ಎತ್ತಿಕೊಂಡು ಒಳಗೆ ನಡೆದೆ.