ಅಕ್ಕನ ಎಡಗೆನ್ನೆ

ನಮ್ಮ ಅಕ್ಕನ ಎರಡು ಕೆನ್ನೆಗಳ ವಯಸ್ಸು ಬೇರೆ ಬೇರೆ! ಬಲಗೆನ್ನೆಗೆ ಎಪ್ಪತ್ತೆಂಟು, ಆಧಾರ್ ಕಾರ್ಡಿಗೆ ಸರಿಯಾಗಿ. ಎಡಗೆನ್ನೆಯ ವಯಸ್ಸು ಮಾತ್ರ ವಾರಕ್ಕೊಮ್ಮೆ ಬದಲಾಗುತ್ತದೆ. ಒಂದು ಸೋಮವಾರ ನಲವತ್ತರ ಹೆಂಗಸಿನ ಕೆನ್ನೆಯಂತೆ ಹೊಳೆಯುತ್ತಿದ್ದರೆ, ಮುಂದಿನ ಸೋಮವಾರ ತೊಂಬತ್ತು ದಾಟಿ ಸಿಪ್ಪೆ ಬಿಡುತ್ತಿರುತ್ತದೆ. ಅತಿಶಯೋಕ್ತಿ ಎನ್ನುವಿರಾ? ಸಿಂದಗಿಗೆ ಬಂದು ನೋಡಿ ಎನ್ನುತ್ತಿದ್ದೆ. ಆದರೆ ಈ ಬೇಸಿಗೆಯಿಂದ ಆ ಕೆನ್ನೆ ಡಾಕ್ಟರ ಸುಪರ್ದಿಗೆ ಹೋಗಿದೆ. ಇನ್ನೆಂದೂ ಅದಕ್ಕೆ ಏನನ್ನೂ ಹಚ್ಚುವಂತಿಲ್ಲವಂತೆ. ಹಚ್ಚದೆ ಅಕ್ಕ ಅಕ್ಕನಾಗಿ ಉಳಿದಾಳೇ? ಅದೇ ಈಗ ನಮ್ಮ ಮನೆಯ ಬರ್ನಿಂಗ್ ಕ್ವೆಶ್ಚನ್.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ. ತವರು ತಾಂಬಾ, ಓದು ಏಳನೇ ಇಯತ್ತೆ. ನಾನೋ, ಹಾಸ್ಟೆಲಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಫೋರ್ಕು ಎಡಗೈಗೆ, ನೈಫು ಬಲಗೈಗೆ ಎಂದು ಕಲಿತು, ಎರಡು ಕೈಯಲ್ಲಿ ರೊಟ್ಟಿ ಬಡಿಯುವ ಮನೆಗೆ ಸೊಸೆಯಾಗಿ ಬಂದವಳು. ಬಂದ ದಿನದಿಂದ ಆಕೆ ನನ್ನನ್ನು ಕರೆಯುವುದು ‘ಏ ಕಾನ್ವೆಂಟಿ’ ಎಂದೇ.

ಕಂಡವರ ಚರ್ಮ, ಕೂದಲು, ಹಿಮ್ಮಡಿಗಳಿಗೆ ಸಲಹೆ ಕೊಡುವುದು ಅಕ್ಕನ ಖಯಾಲಿ. ಅಂಥವರು ಊರಿಗೆ ನೂರು ಜನ ಇರುತ್ತಾರಲ್ಲ ಎನ್ನಬೇಡಿ. ಅವರೆಲ್ಲ ಕೇಳಿದ್ದನ್ನು ಹೇಳುವವರು. ಅಕ್ಕ ತನ್ನ ಮುಖದ ಮೇಲೆ ಪಾಸಾಗದ ವಸ್ತುವನ್ನು ಇನ್ನೊಬ್ಬರ ಮುಖಕ್ಕೆ ಶಿಫಾರಸು ಮಾಡುವವಳೇ ಅಲ್ಲ. ಪದ್ಧತಿ ಹೀಗಿದೆ: ಕಡಲೆಹಿಟ್ಟಿರಲಿ, ಹಾಲಿನ ಕೆನೆಯಿರಲಿ, ಲೋಳಸರವಿರಲಿ, ಅಂಗಡಿಯ ಕ್ರೀಮೇ ಇರಲಿ, ಸೋಮವಾರ ಬೆಳಿಗ್ಗೆ ಎಡಗೆನ್ನೆಗೆ ಲೇಪನ. ಬಲಗೆನ್ನೆಗೆ ಬರೀ ತಣ್ಣೀರು.

‘ಬಲಗಲ್ಲ ಸಾಕ್ಷಿ. ಸಾಕ್ಷಿಗೆ ಏನೂ ತಿನ್ನಿಸಬಾರದು’ ಎನ್ನುತ್ತಾಳೆ.

ಏಳು ದಿನಗಳಾದ ಮೇಲೆ ಹಿತ್ತಲ ಬಾಗಿಲ ಬೆಳಕಿನಲ್ಲಿ ಕೈಗನ್ನಡಿ ಹಿಡಿದು ಎರಡನ್ನೂ ಹೋಲಿಸಿ ತೀರ್ಪು. ತೀರ್ಪುಗಳು ಮೂರೇ: ‘ಹಚ್ಚಬಹುದು’, ‘ಬ್ಯಾಡ’, ‘ವೈರಿಗೆ ಕೊಡು’. ನಮ್ಮ ಸೈನ್ಸ್ ಲ್ಯಾಬಿನಲ್ಲಿ ಸಿಸ್ಟರ್ ಇದನ್ನೇ ‘ಕಂಟ್ರೋಲ್, ಗರ್ಲ್ಸ್, ಕಂಟ್ರೋಲ್!’ ಎಂದು ಕಿರುಚಿ ಹೇಳಿದರೂ ನಮ್ಮ ತಲೆಗೆ ಹೋಗಿರಲಿಲ್ಲ. ತಾಂಬಾದ ಈ ಹೆಣ್ಣಿಗೆ ಕಲಿಸಿದವರು ಯಾರು? ಮದರಂಗಿಯ ವಿಷಯದಲ್ಲಿ ಮಾತ್ರ ಅಕ್ಕ ಪರೀಕ್ಷೆ ನಡೆಸುವುದಿಲ್ಲ. ಅದರಲ್ಲಿ ಹಿಂದಿನ ಓಣಿಯ ಖಾಲಾ ಹೇಳಿದ್ದೇ ಸುಪ್ರೀಂ ಕೋರ್ಟು.

ಈ ಪ್ರಯೋಗಗಳ ಫಲವಾಗಿ ನಮ್ಮ ಮನೆಯ ಫೋಟೋಗಳಲ್ಲೆಲ್ಲ ಅಕ್ಕ ಹಳೆಯ ನಾಣ್ಯದ ರಾಣಿಯಂತೆ ಒಂದೇ ಬದಿಗೆ ತಿರುಗಿ ನಿಂತಿದ್ದಾಳೆ. ‘ಸ್ವಲ್ಪ ಈ ಕಡೆ ನೋಡ್ರಿ ಅಜ್ಜಿ’ ಎಂದು ಗೋಗರೆದ ಫೋಟೋಗ್ರಾಫರಿಗೆ, ‘ಈ ಕಡೆ ರಿಪೇರಿ ನಡದೈತಿ, ಆ ಕಡಿಂದ ಹೊಡಿ’ ಎಂದಿದ್ದಳು.

ಒಂದು ಕಾಯಿಲೆಗೆ ಮಾತ್ರ ಆಕೆಯಲ್ಲಿ ಮದ್ದಿಲ್ಲ. ಬಸವನಬಾಗೇವಾಡಿಯಿಂದ ಬಂದ ಸಂಬಂಧಿಕರೊಬ್ಬರು ಮಗಳನ್ನು ಮುಂದೆ ತಳ್ಳಿ, ‘ಈಕಿ ಒಂಚೂರು ಬೆಳ್ಳಗಾಗಾಕ ಏನರೆ ಹೇಳ್ರಿ’ ಎಂದರು. ಅಕ್ಕ ಹುಡುಗಿಯ ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

‘ಬ್ಯಾನಿ ಇದ್ರ ತೋರಸ್ರಿ. ಕರೇ ಬಣ್ಣ ಬ್ಯಾನಿ ಅಲ್ಲ. ನಮ್ಮ ಎರಿಮಣ್ಣ ಎಷ್ಟ ಕರೇದೈತಿ, ಬಿಳಿಜ್ವಾಳ ಬೆಳೀತೈತೋ ಇಲ್ಲೋ?’

ಹುಡುಗಿ ಕಣ್ಣರಳಿಸಿ ನಕ್ಕಳು. ತಾಯಿಗೆ ಮಾತ್ರ ಕೊಟ್ಟ ಚಹಾ ಸಪ್ಪಗೆನಿಸಿತು.

ಮನೆಯಲ್ಲಿದ್ದರೆ ಸರಿ, ಬಸ್ಸಿನಲ್ಲಿ? ಒಮ್ಮೆ ಇಂಡಿಗೆ ಹೊರಟಿದ್ದೆವು. ಕಂಡಕ್ಟರ್ ಟಿಕೆಟ್ ಕೇಳಲು ಬಂದ. ಅಕ್ಕ ಅವನ ಮುಖವನ್ನೇ ನೋಡಿದಳು.

‘ತುಟಿ ಯಾಕ ಹಿಂಗ ಒಡದಾವಪಾ?’

‘ದಿನಪೂರ್ತಿ ಸೀಟಿ ಊದೂದಲ್ರಿ ಅಜ್ಜಿ.’

‘ಊದು, ಬ್ಯಾಡನ್ನೂದಿಲ್ಲ. ಮಲಗೂ ಮುಂದ ತುಟಿಗೆ ತುಪ್ಪ ಸವರು, ಹೊಕ್ಕಳಕ್ಕ ಎರಡ ಹನಿ ಕೊಬ್ರಿ ಎಣ್ಣಿ ಬಿಡು. ಅದಲಬದಲ ಮಾಡೀ ಮತ್ತ!’

ಇಡೀ ಬಸ್ಸು ಗೊಳ್ಳೆಂದಿತು. ನಾನು ಅಕ್ಕನ ಸೆರಗು ಜಗ್ಗಿ, ‘ಯಕ್ಕಾ, ಪ್ಲೀಸ್! ಪಬ್ಲಿಕ್ ಪ್ಲೇಸಿನ್ಯಾಗ ಹೊಕ್ಕಳದ ಮಾತಾ?’ ಎಂದೆ.

‘ಹೊಕ್ಕಳ ಎಲ್ಲಾರಿಗೂ ಐತಿ ಕಾನ್ವೆಂಟಿ. ನಿಮ್ಮ ಸಿಸ್ಟರಗೂ ಐತಿ!’

ಆಮೇಲೆ ಇಂಡಿ ಮುಟ್ಟುವವರೆಗೆ ಬಸ್ಸಿನಲ್ಲಿ ಓಪಿಡಿ ನಡೆಯಿತು. ಹಿಂದಿನ ಸೀಟಿನ ಹೆಂಗಸು ಚಪ್ಪಲಿ ಕಳಚಿ ಒಡೆದ ಹಿಮ್ಮಡಿ ತೋರಿಸಿದಳು, ಪಕ್ಕದವಳು ರುಮಾಲು ಬಿಚ್ಚಿ ಮಗುವಿನ ತಲೆಯ ಹೊಟ್ಟು ತೋರಿಸಿದಳು. ನಾನು ಕಿಟಕಿಯಾಚೆಯ ತೊಗರಿ ಹೊಲಗಳನ್ನು ಅಪರಿಚಿತಳಂತೆ ನೋಡುತ್ತ ಕೂತೆ. ಹದಿನೈದು ದಿನಗಳ ಮೇಲೆ ಇಂಡಿಯಿಂದ ಮರಳುವಾಗ ಅದೇ ಬಸ್ಸು ಸ್ಟಾಪೇ ಇಲ್ಲದ ನಮ್ಮ ಓಣಿಯ ಮುಂದೆ ನಿಂತಿತು! ಕಂಡಕ್ಟರ್ ಇಳಿದು ಅಕ್ಕನ ಚೀಲ ಹಿಡಿದು, ‘ನೋಡ್ರಿ ಅಜ್ಜಿ’ ಎಂದು ತುಟಿ ಮುಂದೆ ಚಾಚಿದ. ಅಕ್ಕ ಪರೀಕ್ಷಿಸಿ, ‘ಇನ್ನೊಂದ ವಾರ ನಡಸು’ ಎಂದ ಮೇಲೆಯೇ ಬಸ್ಸು ಹೊರಟದ್ದು.

ಸಾವಿನ ಮನೆಗೂ ರಿಯಾಯಿತಿ ಇಲ್ಲ. ಮನಗೂಳಿಯಲ್ಲಿ ದೂರದ ಬಂಧುವೊಬ್ಬರು ತೀರಿಕೊಂಡಾಗ ಅವರ ಮಗಳು ಅತ್ತು ಅತ್ತು ಕಣ್ಣು ಕಾಣದಂತೆ ಊದಿಸಿಕೊಂಡಿದ್ದಳು. ಎಲ್ಲರೂ ‘ಅಳಬ್ಯಾಡ’ ಎನ್ನುತ್ತಿದ್ದರೆ ಅಕ್ಕ ಪಕ್ಕದಲ್ಲಿ ಕೂತು ಬೆನ್ನು ಸವರಿ, ‘ಅಳವ್ವಾ, ಅಪ್ಪಗ ಅಳಲಾರದ ಯಾರಿಗೆ ಅಳ್ತಿ? ಅತ್ತಾದ ಮ್ಯಾಲ ತಣ್ಣನ ಹಾಲಿನ್ಯಾಗ ಹತ್ತಿ ಅದ್ದಿ ಕಣ್ಣಿಗಿಡು. ನಾಳೆ ಮತ್ತ ಅಳೂದೈತಿ’ ಎಂದಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮೂರನೆಯ ದಿನ ಮತ್ತೆ ಹೋದಾಗ ನೋಡುತ್ತೇನೆ, ಪಡಸಾಲೆಯಲ್ಲಿ ಆರು ಹೆಂಗಸರು ಕಣ್ಣ ಮೇಲೆ ಹತ್ತಿ ಇಟ್ಟುಕೊಂಡು ಸಾಲಾಗಿ ಮಲಗಿದ್ದಾರೆ! ಚಹಾಕ್ಕೆ ಹಾಲಿರಲಿಲ್ಲ.

ಇಷ್ಟೆಲ್ಲ ಬಲ್ಲ ಅಕ್ಕನ ಕೈ ಮಾತ್ರ ಭದ್ರವಲ್ಲ. ಇದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು? ಮೊದಲ ಹೆರಿಗೆಯ ನಂತರ ನನ್ನ ಎರಡೂ ಕೆನ್ನೆಗೆ ಬಂಗು ಬಂತು, ಯಾರೋ ಚಹಾ ಚೆಲ್ಲಿ ಒರೆಸದೆ ಬಿಟ್ಟಂತೆ ಕಂದು ಕಲೆ. ‘ಸಾಲಿ ಕಲ್ತ ಸೊಸಿ ಮಾರಿ ನೋಡೇರೇನು?’ ಎಂಬ ಮಾತು ಕಿವಿಗೆ ಬಿತ್ತು. ಸ್ಕೂಲ್ ಡೇಗೆ ಸ್ಟೇಜಿನ ಮೇಲೆ ರೆಸಿಟೇಶನ್ ಮಾಡಿ ಕಪ್ ಗೆದ್ದ ನಾನು ಪಡಸಾಲೆಗೆ ಬರುವುದನ್ನೇ ಬಿಟ್ಟೆ. ಆಗ ನನ್ನ ಅಣ್ಣ ಮುಂಬೈಯಿಂದ ಒಂದು ಕ್ರೀಮಿನ ಡಬ್ಬಿ ತಂದುಕೊಟ್ಟ. ಬಿಳಿ ಗಾಜು, ನೀಲಿ ಮುಚ್ಚಳ, ಮೈತುಂಬ ಇಂಗ್ಲಿಷು. ಬಾಣಂತನ ಮುಗಿದ ಮೇಲೆ ಹಚ್ಚಿಕೊಳ್ಳುತ್ತೇನೆಂದು ದಿಂಬಿನ ಪಕ್ಕ ಇಟ್ಟುಕೊಂಡು ಎಂಥೆಂಥ ಕನಸು ಕಂಡೆ! ಎರಡು ದಿನಕ್ಕೆ ಡಬ್ಬಿ ಮಾಯ. ‘ಕೈ ಜಾರಿ ಬಿತ್ತು’ ಎಂದಳು ಅಕ್ಕ. ಚೂರುಗಳನ್ನೂ ತೋರಿಸಲಿಲ್ಲ. ಜಗಳ ತೆಗೆಯೋಣವೆಂದರೆ ಅದೇ ಹೊತ್ತಿಗೆ ಆಕೆಗೆ ಹಲ್ಲುನೋವು! ತಿಂಗಳುಗಟ್ಟಲೆ ಸೆರಗಿನಲ್ಲಿ ಮುಖ ಸುತ್ತಿಕೊಂಡು, ಬೈದದ್ದಕ್ಕೆಲ್ಲ ‘ಹೂಂ, ಹೂಂ’ ಎಂದಳು, ಅಷ್ಟೇ. ನನ್ನ ಬಂಗು ವರ್ಷದೊಳಗೆ ತಾನಾಗಿ ಹೋಯಿತು, ಸಿಟ್ಟು ಹೋಗಲಿಲ್ಲ. ಕ್ಷಮಿಸಿರೆಂದು ಕಲಿಸಿದ ಸಿಸ್ಟರುಗಳು ಮರೆಯಿರೆಂದು ಕಲಿಸಿರಲಿಲ್ಲ ನೋಡಿ! ಐವತ್ತು ವರ್ಷ ಮನೆಯಲ್ಲಿ ಯಾವ ಲೋಟ ಬಿದ್ದರೂ, ‘ಯಕ್ಕನ ಕೈಯಾಗ ಕೊಟ್ಟಿದ್ರೇನು?’ ಎಂದು ಚುಚ್ಚುತ್ತ ಬಂದಿದ್ದೇನೆ.

ಇನ್ನು ಈ ಬೇಸಿಗೆಯ ಅನಾಹುತ. ಮುದ್ದೇಬಿಹಾಳದಲ್ಲಿ ಬಿ.ಎಡ್ ಓದುವ ನನ್ನ ಮೊಮ್ಮಗಳು ಫೋನ್ ಮಾಡಿದಳು.

‘ದೊಡ್ಡಜ್ಜಿ, ಮಾರಿಗೆ ಲಿಂಬಿರಸ ಹಚ್ಚಿದ್ರ ಕಲಿ ಹೋಗ್ತಾವಂತ ರೀಲ್ಸಿನ್ಯಾಗ ತೋರಸ್ತಾರ. ಹಚ್ಚಲ್ಯಾ?’

‘ಒಂದ ವಾರ ತಡಿ, ಹೇಳ್ತೇನಿ.’

ಇಂಡಿಯ ಲಿಂಬೆ ನಮ್ಮ ಕಡೆ ಮನೆಮಗಳಿದ್ದಂತೆ. ಅದರ ಮೇಲೆ ಯಾರಿಗೆ ಅನುಮಾನ ಬಂದೀತು? ಬಂಧುಗಳ ತೋಟದಿಂದ ಬಂದ ಬುಟ್ಟಿಯೇ ಮನೆಯಲ್ಲಿತ್ತು. ಅಕ್ಕ ರಸ ಹಿಂಡಿ ಎಡಗೆನ್ನೆಗೆ ಬಳಿದು, ಸಂಡಿಗೆ ಕಾಯುವ ನೆಪದಲ್ಲಿ ಮಾಳಿಗೆಯ ಬಿಸಿಲಿನಲ್ಲಿ ಕೂತಳು. ನಮ್ಮ ಸಿಂದಗಿಯ ಬಿಸಿಲೆಂದರೆ ಸಂಡಿಗೆ ಅರ್ಧ ದಿನಕ್ಕೇ ಗರಿಗರಿ!

‘ಆರ್ ಯೂ ಮ್ಯಾಡ್ ಯಕ್ಕಾ? ನೆರಳಿಗೆ ಬಾ’ ಎಂದೆ.

‘ಹುಡುಗಿ ಬಿಸಲಾಗ ಸಾಲಿಗೆ ನಡಕೋತ ಹೋಗ್ತಾಳ. ನಾ ನೆರಳಾಗ ಕುಂತ ಮಾಡಿದ್ರ ಅದೆಂಥಾ ಪರೀಕ್ಷಾ?’

ಮೂರನೆಯ ದಿನಕ್ಕೆ ಕೆನ್ನೆ ಬಾವು ಬಂದು, ಗುಳ್ಳೆಯೆದ್ದು, ಸುಟ್ಟ ಬದನೆಕಾಯಿಯಂತಾಯಿತು. ನಮಗಾರಿಗೂ ಹೇಳುವ ಮೊದಲು ಅಕ್ಕ ಮಾಡಿದ ಕೆಲಸ ಮುದ್ದೇಬಿಹಾಳಕ್ಕೆ ಫೋನು: ‘ಏ ಹುಡುಗಿ, ಲಿಂಬಿ ಹಚ್ಚಂಗಿಲ್ಲ. ವೈರಿಗೆ ಕೊಡು!’

ವಿಜಯಪುರದ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ‘ಇದಕ್ಕ ಮದ್ಲ ಏನೇನು ಹಚ್ಚೀರಿ ಅಜ್ಜಿ? ಎಲ್ಲಾ ಹೇಳ್ರಿ’ ಎಂದುಬಿಟ್ಟರು. ಪಾಪ, ಅವರಿಗೇನು ಗೊತ್ತು! ಕಡಲೆಹಿಟ್ಟಿನಿಂದ ಶುರುವಾದದ್ದು ಮೆಂತೆ, ಮಸೂರು ಬೇಳೆ, ಮುಲ್ತಾನಿ ಮಿಟ್ಟಿ, ಪಪ್ಪಾಯಿ ದಾಟಿ ಸೌತೆಕಾಯಿಗೆ ಬರುವಷ್ಟರಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು. ಅಕ್ಕನಿಗೆ ಅದೇ ಸಾಕಾಯಿತು.

‘ನಿನ್ನ ಕೈ ಯಾಕವ್ವಾ ಹಿಂಗ ಬಿರದಾವು? ಸಾಬಾಣ ಭಾಳ ಆತು. ತೊಳಕೊಂಡ ಕೂಡ್ಲೆ, ಹಸೀ ಇರೂ ಮುಂದನ ಎಣ್ಣಿ ಸವರಬೇಕು.’

ಡಾಕ್ಟರು ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡರು. ‘ಅಜ್ಜಿ, ಇನ್ನ ಮ್ಯಾಲ ನಾ ಬರದ ಮುಲಾಮು ಬಿಟ್ಟು ಬ್ಯಾರೆ ಏನೂ ಹಚ್ಚಂಗಿಲ್ಲ. ಈ ವಯಸ್ಸಿನ್ಯಾಗ ತೊಗಲು ಭಾಳ ತೆಳ್ಳಗಿರ್ತೈತಿ. ಮತ್ತೊಮ್ಮಿ ಸುಟ್ಟರ ಲಗೂನ ಮಾಯೂದಿಲ್ಲ.’

‘ಹಂಗಾರ ಬಲಗಡಿಗೆ?’

‘ಎಲ್ಲೂ ಇಲ್ಲ! ಅಂದಂಗ, ಬರೇ ಎಡಕ್ಕ ಯಾಕ ಹಚ್ಚತಿದ್ರಿ?’

‘ನಮ್ಮನಿಯವರ ಎಡಕ್ಕ ಕುಂಡ್ರತಿದ್ನೆಲ್ಲ, ಅವರಿಗೆ ಕಾಣೂದು ಬಲಗಲ್ಲ. ಅದು ಕೆಡಬಾರದಲ್ರಿ!’

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೇಳಿದರು, ‘ಯಾವಾಗಿಂದ ಹತ್ತೇತಿ ಈ ಚಟ?’

ಅಕ್ಕ ಗೋಡೆಯ ಕಡೆ ನೋಡುತ್ತ ಹೇಳಿದಳು. ‘ಈಕಿಗೆ ಬಂಗು ಬಂದಿತ್ರಿ. ಇವರಣ್ಣ ಮುಂಬೈಲಿಂದ ಒಂದ ಡಬ್ಬಿ ತಂದಿದ್ದ. ಈಕಿ ಎಳೀ ಬಾಣಂತಿ, ಮಗ್ಗಲದಾಗ ಕೂಸು. ಮದ್ಲ ನಾ ಹಚ್ಚಿ ನೋಡೂಣು ಅಂತ ಹಚ್ಚಿದ್ನಿ. ಗುಳ್ಳಿ ಎದ್ದು ತೊಗಲ ಸುಲೀತು. ಡಬ್ಬಿ ಒಯ್ದು ಹಿತ್ತಲದಾಗ ಹುಗದ ಬಂದ್ನಿ.’

‘ಮತ್ತ ಹಲ್ಲುನೋವು?’ ಎಂದೆ.

‘ನನ್ನ ಹಲ್ಲು ಇವತ್ತಿಗೂ ಗಟ್ಟಿ ಅದಾವ.’

‘ನನಗ ಯಾಕ ಹೇಳಲಿಲ್ಲ ಯಕ್ಕಾ?’

‘ಹೇಳಿದ್ರ ಅಳತಿದ್ದಿ. ಹೆಂಗೂ ಅಳಾಕತ್ತಿದ್ದಿ ಅನ್ನು. ಆದ್ರ ಸಿಟ್ಟಿನ ಅಳು ಹಗರ ಇರ್ತೈತಿ.’

ಐವತ್ತು ವರ್ಷಗಳಲ್ಲಿ ನಾನು ಲೆಕ್ಕವಿಲ್ಲದಷ್ಟು ಲೋಟಗಳಿಗೆ ಚುಚ್ಚಿದ್ದೆನಲ್ಲ! ‘ಸಾರಿ’ ಎನ್ನಲು ಹೋದೆ. ಆ ಇಂಗ್ಲಿಷ್ ಪದ ಅಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅಕ್ಕ ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಅದೇ ನಮಗೆ ಕಷ್ಟವಾದದ್ದು. ಕೆನ್ನೆ ಮಾಯತೊಡಗಿತು, ಆಕೆ ಬಾಡತೊಡಗಿದಳು. ಓಣಿಯ ಹೆಂಗಸರು ಬಂದು ಕೇಳಿದರೆ, ‘ಪರೀಕ್ಷಾ ಮಾಡಲಾರದ್ದು ಹೆಂಗ ಹೇಳ್ಲಿ?’ ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಕಂಡಕ್ಟರ್ ಬಸ್ಸು ನಿಲ್ಲಿಸಿ ಹಾರ್ನ್ ಹೊಡೆಸಿದರೂ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಬಿಸಿಲಿಗೆಂದು ಕೊಂಡ ಸನ್‌ಸ್ಕ್ರೀನ್ ಟ್ಯೂಬೊಂದನ್ನು ಕಳಿಸಿ, ‘ದೊಡ್ಡಜ್ಜಿ ಹೂಂ ಅಂದ್ರಷ್ಟ ಹಚ್ಚತೇನಿ’ ಎಂದಿದ್ದಳು. ಟ್ಯೂಬು ಗೋಡೆಯ ಮಾಡದಲ್ಲಿ ಮೂರು ಸೋಮವಾರ ಹಾಗೆಯೇ ಕೂತಿತು. ಅಕ್ಕ ದಿನಾ ಅದರ ಧೂಳು ಒರೆಸುತ್ತಿದ್ದಳು, ಮುಚ್ಚಳ ತೆಗೆಯುತ್ತಿರಲಿಲ್ಲ.

ನಾಲ್ಕನೆಯ ಸೋಮವಾರ ಬೆಳಿಗ್ಗೆ ನಾನು ಮುಖ ತೊಳೆದು, ಟ್ಯೂಬು ತೆಗೆದುಕೊಂಡು, ಹಿತ್ತಲ ಬಾಗಿಲ ಬೆಳಕಿನಲ್ಲಿ ಅಕ್ಕನ ಮುಂದೆ ಹೋಗಿ ಕೂತೆ. ಎಡಗೆನ್ನೆಯನ್ನೇ ಒಡ್ಡಿದೆ. ನನ್ನ ಬಲಗಡೆ ಕೂರುವವರೂ ಈಗ ಇಲ್ಲ. ಆದರೂ ನಿಯಮ ನಿಯಮವೇ.

‘ಹಚ್ಚು ಯಕ್ಕಾ.’

‘ಹುಚ್ಚಿ! ಸುಟ್ಟಗಿಟ್ಟೀತು.’

‘ಸುಟ್ಟರ ಹಲ್ಲುನೋವು ಅಂತ ಹೇಳ್ತೇನಿ.’

ಅಕ್ಕ ಟ್ಯೂಬಿನ ಮುಚ್ಚಳ ತಿರುವಿ, ಬೆರಳ ತುದಿಗೆ ಕಡಲೆಯಷ್ಟು ತೆಗೆದುಕೊಂಡು, ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

‘ನಗಬ್ಯಾಡ ಕಾನ್ವೆಂಟಿ, ಗಲ್ಲ ಅಳ್ಳಾಡ್ತೈತಿ’ ಎಂದಳು.

ನಾನು ನಗುತ್ತಿರಲಿಲ್ಲ.