ಉಗಿ ಉಳಿಸಿ ಅನುಮಾನ ಗಳಿಸಿದ್ದು

ಫ್ಯಾಕ್ಟರಿಯಲ್ಲಿ ಏನಾದರೂ ಕಳುವಾದರೆ ಯಾರೋ ಒಬ್ಬರ ಮೇಲೆ ಅನುಮಾನ ಬರುತ್ತದೆ. ಏನಾದರೂ ಉಳಿಸಲು ಹೊರಟರೆ ಮಾತ್ರ ಎಲ್ಲರಿಗೂ ನಿಮ್ಮೊಬ್ಬರ ಮೇಲೆಯೇ ಅನುಮಾನ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಎಂಜಿನಿಯರ್ ಆಗಿರುವ ನನಗೆ ಇದು ಈಚೆಗೆ ಕಾಫಿ ಕುಡಿದಷ್ಟೇ ಅಭ್ಯಾಸವಾಗಿಬಿಟ್ಟಿದೆ.

ನಮ್ಮದು ಬೆಂಜೀನ್, ಟಾಲುಯಿನ್ ಬೇರ್ಪಡಿಸುವ ಸಣ್ಣ ಘಟಕ. ಅವುಗಳ ಜೊತೆ ಬೆರೆತಿರುವ ಬೇರೆ ಎಣ್ಣೆಗಳೂ ಹೆಚ್ಚುಕಡಿಮೆ ಅದೇ ಬಿಸಿಗೆ ಕುದಿಯುವುದರಿಂದ ಸುಮ್ಮನೆ ಕಾಯಿಸಿದರೆ ಬೇರೆಯಾಗುವುದಿಲ್ಲ. ಎತ್ತರದ ಗೋಪುರದೊಳಗೆ ಒಂದು ದ್ರಾವಕ ಸುರಿಯುತ್ತೇವೆ. ಅದು ಬೇಕಾದ್ದನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ, ಬೇಡದ್ದು ಆವಿಯಾಗಿ ಮೇಲೆ ಹೋಗುತ್ತದೆ. ಆಮೇಲೆ ದ್ರಾವಕವನ್ನು ಬಿಡಿಸಿಕೊಂಡು ಮತ್ತೆ ಬಳಸುತ್ತೇವೆ. ಇದಕ್ಕೆಲ್ಲ ವಿಪರೀತ ಉಗಿ ಬೇಕು. ಅಷ್ಟು ಖರ್ಚು ಮಾಡಿ ಬಿಸಿಯಾದ ದ್ರಾವಕವನ್ನು ತಣ್ಣೀರಿನಲ್ಲಿ ಆರಿಸಿ, ಆ ಶಾಖವನ್ನೆಲ್ಲ ಗಾಳಿಗೆ ಬಿಡುತ್ತಿದ್ದೆವು. “ಅದೇ ಶಾಖದಲ್ಲಿ ಒಳಗೆ ಬರೋ ಎಣ್ಣೆ ಕಾಯಿಸೋಣ, ಉಗಿ ಉಳಿಯುತ್ತೆ” ಅಂದವಳು ನಾನು. ಅಲ್ಲಿಂದ ಶುರುವಾಯಿತು.

ಒದ್ದೆ ಕುರ್ಚಿ

ಶಾಖ ಎಲ್ಲೆಲ್ಲಿ ಸೋರುತ್ತಿದೆ ಎಂದು ನೋಡಲು ಒಂದು ಗನ್ ತರಿಸಿದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದ್ದೇ. ದೂರದಿಂದ ಹಿಡಿದರೆ ಪೈಪು ಎಷ್ಟು ಬಿಸಿಯಿದೆ ಎಂದು ತೋರಿಸುತ್ತದೆ. ಅದನ್ನು ಹಿಡಿದು ನಾನು ಓಡಾಡತೊಡಗಿದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಕಂಟ್ರೋಲ್ ರೂಮಿಗೆ ಯಾವಾಗ ಹೋದರೂ ಎಲ್ಲರೂ ನಿಂತಿರುತ್ತಿದ್ದರು, ಕುರ್ಚಿಗಳೆಲ್ಲ ಒದ್ದೆ!

“ಇದೇನ್ರೀ, ಸೂರು ಸೋರ್ತಾ ಇದೆಯಾ?” ಎಂದೆ.

 ಹಿರಿಯ ಆಪರೇಟರ್ ತಲೆ ಕೆರೆದುಕೊಂಡ. “ಕುರ್ಚಿ ಬಿಸಿ ಇದ್ರೆ ಯಾರು ಎಷ್ಟೊತ್ತು ಕೂತಿದ್ರು ಅಂತ ನಿಮ್ ಗನ್‌ಗೆ ಗೊತ್ತಾಗಿಬಿಡುತ್ತಲ್ಲ ಮೇಡಂ, ಅದಕ್ಕೆ ನೀವು ಬರೋದು ಕಂಡ ತಕ್ಷಣ ನೀರು ಹಾಕ್ತೀವಿ.”

ಉರಿಯದ ಸೌದೆ

ನಮ್ಮ ಬಾಯ್ಲರಿಗೆ ಕಡಲೆಕಾಯಿ ಸಿಪ್ಪೆಯನ್ನು ಒತ್ತಿ ಮಾಡಿದ ಬ್ರಿಕೆಟ್ ಸೌದೆ ಬೇಕು. ಅದನ್ನು ಕೊಡುವವರು ಮುಳಬಾಗಿಲಿನ ಒಬ್ಬ ವ್ಯಾಪಾರಿ. ಉಗಿ ಕಮ್ಮಿಯಾದ ಹಾಗೆ ಅವರ ಲೋಡೂ ಕಮ್ಮಿಯಾಯಿತು. ಫೋನ್ ಮಾಡಿದರು. “ನಿಜ ಚೆಪ್ಪಂಡಿ, ನಿಜ ಹೇಳಿ ಮೇಡಂ, ಬೇರೆ ಯಾರ ಹತ್ರ ತಗೊಳ್ತಾ ಇದ್ದೀರ?”

“ಯಾರ ಹತ್ರಾನೂ ಇಲ್ಲ. ಬಿಸೀನ ಉಳಿಸ್ತಾ ಇದ್ದೀವಿ” ಎಂದೆ.

“ಬಿಸೀನ ಯಾರಾದ್ರೂ ಉಳಿಸ್ತಾರಾ?” ಎಂದು ಫೋನಿಟ್ಟರು.

ಮಾರನೇ ದಿನದಿಂದ ನಮ್ಮ ಗೇಟಿನೆದುರಿನ ಟೀ ಅಂಗಡಿಯಲ್ಲಿ ಅವರ ಕಾವಲು. ಟೀ ಮೇಲೆ ಟೀ ಕುಡಿಯುತ್ತಾ ಬಂದು ಹೋಗುವ ಲಾರಿಗಳನ್ನೇ ನೋಡುತ್ತಿದ್ದರು. ಒಂದು ದಿನ ಟಾರ್ಪಾಲ್ ಹೊದಿಸಿದ ಲಾರಿಯೊಂದು ಗೇಟಿಗೆ ಬಂತು. ಅದರಲ್ಲಿದ್ದದ್ದು ಬಿಸಿ ಪೈಪುಗಳಿಗೆ ಸುತ್ತುವ ಕಲ್ಲಿನ ಉಣ್ಣೆ, ಅಂದರೆ ಕಲ್ಲು ಕರಗಿಸಿ ನೂಲಿನ ಹಾಗೆ ಎಳೆದು ಮಾಡಿದ ಹೊದಿಕೆ. ವ್ಯಾಪಾರಿ ಮೆಲ್ಲಗೆ ಹಿಂದಿನಿಂದ ಹೋಗಿ ಟಾರ್ಪಾಲ್ ಎತ್ತಿ ಒಂದು ಹಿಡಿ ಕಿತ್ತುಕೊಂಡರು. ಸೀದಾ ಟೀ ಅಂಗಡಿಯ ಒಲೆಗೆ ಹಾಕಿ ನೋಡಿದರು.

ಸಂಜೆ ಮತ್ತೆ ಫೋನ್. ಈ ಸಲ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. “ನನ್ನ ಬಿಟ್ಟು ಬೇರೆಯವರ ಹತ್ರ ಹೋಗಿದ್ದಕ್ಕೆ ಬೇಜಾರಿಲ್ಲ ಮೇಡಂ. ಆದ್ರೆ ಆ ಕಳ್ಳ ನನ್ಮಗ ನಿಮಗೆ ಮೋಸ ಮಾಡಿದ್ದಾನೆ. ಆ ಮಾಲು ಉರಿಯೋದೇ ಇಲ್ಲ!”

ಮಾಲೀಕರ ಬೆರಳು

ನಮ್ಮ ಮಾಲೀಕರು ಉಗಿಯ ಮೀಟರ್ ನೋಡಿ ಹುಬ್ಬು ಗಂಟಿಕ್ಕಿದರು. “ಇಷ್ಟು ಕಮ್ಮಿ ಸಾಧ್ಯಾನೇ ಇಲ್ಲ. ಮೀಟರ್ ಕೆಟ್ಟಿದೆ.”

ಮೀಟರಿನವನನ್ನು ಕರೆಸಿದೆವು. ಸರಿಯಾಗಿದೆ ಅಂದ. ಅವನೂ ನಾನೂ ಸೇರಿಕೊಂಡಿದ್ದೇವೋ ಏನೋ ಎಂಬಂತೆ ಇಬ್ಬರನ್ನೂ ಒಮ್ಮೆ ನೋಡಿ, ಮಾಲೀಕರು ತಾವೇ ಪ್ಲಾಂಟಿಗೆ ನಡೆದರು. ಹೊದಿಕೆ ಸುತ್ತಿದ ಪೈಪಿನ ಮೇಲೆ ಕೈಯಿಟ್ಟರು. “ತಣ್ಣಗಿದೆ! ಒಳಗೆ ಏನೂ ಹರೀತಾನೇ ಇಲ್ಲ. ಪ್ಲಾಂಟ್ ನಿಲ್ಲಿಸಿ ಉಗಿ ಉಳಿಸಿದೆ ಅಂತೀರಾ?”

“ಬಿಸಿ ಒಳಗೇ ಇದೆ ಸರ್. ಮುಂದೆ ಮಾತ್ರ ಮುಟ್ಟ...”

ಅಷ್ಟರಲ್ಲಿ ಹೊದಿಕೆ ಇನ್ನೂ ಸುತ್ತಿರದ ಜಾಗಕ್ಕೆ ಬೆರಳು ಇಟ್ಟೇಬಿಟ್ಟರು. ಅವರು ಹಾರಿದ ಎತ್ತರ ನೋಡಿ ನನಗೇ ಗಾಬರಿಯಾಯಿತು. ಓಡಿ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದೆ. ಇನ್ನಾದರೂ ನಂಬಿದರು ಎಂದುಕೊಂಡೆ. ಅವರು ಬೆರಳನ್ನು ಊದಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

“ಅಲ್ಲಿ ಅಷ್ಟು ಬಿಸಿ ದಂಡವಾಗಿ ಹೋಗ್ತಾ ಇದೆಯಲ್ಲ, ಇದನ್ನ ನನ್ನಿಂದ ಯಾಕೆ ಮುಚ್ಚಿಟ್ರಿ?”

ಸೋದರಮಾವ

ಹುತ್ತೂರಿನ ಕಡೆಯ ನಮ್ಮ ಬಾಯ್ಲರ್ ಹುಡುಗನಿಗೆ ಶ್ರೀನಿವಾಸಪುರದಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿಗೂ ಅವನು ಮೆಚ್ಚುಗೆಯಾಗಿದ್ದ. ಒಂದು ಬೆಳಿಗ್ಗೆ ಅಳುಮೋರೆ ಹಾಕಿಕೊಂಡು ಬಂದ.

“ಮೇಡಂ, ನಿಮ್ ಉಳಿತಾಯದಿಂದ ನನ್ ಮದುವೆ ನಿಂತೋಗ್ತಾ ಇದೆ.”

ಆದದ್ದಿಷ್ಟು. ಮೊದಲು ನಮ್ಮ ಫ್ಯಾಕ್ಟರಿಯ ಮೇಲೆ ಸದಾ ಒಂದು ಬಿಳೀ ಉಗಿಯ ಮೋಡ ನಿಂತಿರುತ್ತಿತ್ತು. ಆ ಉಗಿಯನ್ನೂ ಹಿಡಿದು ಒಳಕ್ಕೆ ತಿರುಗಿಸಿದ ಮೇಲೆ ಮೋಡ ಮಾಯವಾಯಿತು. ಮಾವಿನ ಮಂಡಿಯಲ್ಲಿ ದಲ್ಲಾಳಿಯಾಗಿದ್ದ ಹುಡುಗಿಯ ಸೋದರಮಾವ ಬಸ್ಸಿನಲ್ಲಿ ಹೋಗುವಾಗ ಅದನ್ನು ನೋಡಿ, ಫ್ಯಾಕ್ಟರಿ ಮುಚ್ಚಿದೆ, ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದು ಮನೆಯಲ್ಲಿ ಸಾರಿಬಿಟ್ಟಿದ್ದರು. ಅವತ್ತು ಹುಡುಗಿಯನ್ನೂ ಕರೆದುಕೊಂಡು ಪರೀಕ್ಷೆಗೆ ಬರುವವರಿದ್ದರು.

“ಒಂದು ನಿಮಿಷ ಉಗಿ ಮೇಲಕ್ಕೆ ಬಿಡೋಣ ಮೇಡಂ” ಎಂದು ಕೈ ಮುಗಿದ. ಒಂದೇ ನಿಮಿಷ ಎಂದು ಒಪ್ಪಿಕೊಂಡೆ.

ಅವರಿಬ್ಬರೂ ಗೇಟಿಗೆ ಬಂದರು. ಹುಡುಗ ಒಳಗಿನಿಂದ ವಾಲ್ವ್ ತಿರುಗಿಸಿದ. ಭುಸ್ಸೆಂದು ಆಕಾಶದೆತ್ತರಕ್ಕೆ ಬಿಳೀ ಉಗಿ. ಸೋದರಮಾವ ಕತ್ತೆತ್ತಿ ನೋಡಿದರು. ಮುಖ ಇನ್ನಷ್ಟು ಗಂಟಾಯಿತು.

“ಅಷ್ಟು ಸೌದೆ ಉರಿಸಿ ಕಾಯಿಸಿದ್ದನ್ನ ಹಿಂಗೆ ಆಕಾಶಕ್ಕೆ ಬಿಡ್ತಾರಾ? ಈ ಕಂಪನಿ ಉದ್ಧಾರ ಆಗಲ್ಲ. ನಡಿಯಮ್ಮ.”

ಹುಡುಗ ವಾಲ್ವ್ ಮುಚ್ಚಿ ಓಡಿ ಬಂದ. ನಾನು ನಿಜ ಹೇಳಿಬಿಟ್ಟೆ. “ದಿನಾ ಹೀಗೆ ಬಿಡಲ್ಲ ಯಜಮಾನ್ರೇ. ನಿಮಗೆ ನಂಬಿಕೆ ಬರ್ಲಿ ಅಂತ ಈಗ ಬಿಟ್ಟಿದ್ದು. ಬಿಸೀನ ಒಳಗೇ ಇಟ್ಕೊಂಡು ಕೆಲಸ ಮಾಡಿಸ್ತೀವಿ.”

“ನಮ್ ಮುಂದೆ ನಾಟಕ ಬೇರೆ!” ಎಂದು ಅವರು ಕೂಗಿದರು.

ಅಷ್ಟರಲ್ಲಿ ಹುಡುಗಿ ನಡುವೆ ಬಾಯಿ ಹಾಕಿದಳು. “ಬಿಸಿ ಒಳಗೇ ಇಟ್ಕೊಂಡ್ರೆ ಕೆಲಸ ಆಗುತ್ತೆ ಅಂತಿದ್ದಾರಲ್ಲ ಮಾವ. ನೀವು ದಿನಾ ಅತ್ತೆ ಮುಂದೆ ಸಿಟ್ಟನ್ನ ಭುಸ್ ಅಂತ ಬಿಡ್ತೀರ, ಒಂದು ಲೋಟ ಕಾಫಿಯಾದ್ರೂ ಹುಟ್ಟಿದೆಯಾ?”

ವಾಚ್‌ಮನ್ ಬೆನ್ನು ತಿರುಗಿಸಿ ಕೆಮ್ಮತೊಡಗಿದ. ಸೋದರಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಾಯ್ಲರ್ ಹುಡುಗನನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ಮುಹೂರ್ತ ಇಡಿಸ್ತೀನಿ ಬಿಡಿ ಮೇಡಂ. ಇಷ್ಟು ದಿನ ನನಗೆ ನಿಮ್ ಫ್ಯಾಕ್ಟರಿ ಉಳಿಯುತ್ತಾ ಅಂತ ಅನುಮಾನ ಇತ್ತು. ಈಗ ಈ ಹುಡುಗ ಉಳೀತಾನಾ ಅಂತ ಅನುಮಾನ.”